ಕೂತವರ ಕಣ್ಣಿನ ಎತ್ತರಕ್ಕೆ: ಮುಂಬೈ ವಾಚನಾಲಯಗಳ ಗೋಡೆ ಮತ್ತು ನಮ್ಮ ಕಲಾವಿದರು

ಮುಂಬೈಯ ಕಾಲಾ ಘೋಡಾದಲ್ಲಿ ಮಹಾತ್ಮಾ ಗಾಂಧಿ ರಸ್ತೆಯ ಒಂದು ಬದಿಗೆ ಜಹಾಂಗೀರ್ ಆರ್ಟ್ ಗ್ಯಾಲರಿ, ಎದುರು ಬದಿಗೆ ಡೇವಿಡ್ ಸಸೂನ್ ಲೈಬ್ರರಿ. ರಸ್ತೆ ದಾಟಲು ಒಂದು ನಿಮಿಷ ಸಾಕು. ಲೈಬ್ರರಿಯ ಹಳದಿ ಕಲ್ಲಿನ ಕಟ್ಟಡ ಮುಗಿದದ್ದು 1870ರಲ್ಲಿ. ಅದರ ಬೇರು ಇನ್ನೂ ಹಳೆಯದು. ಟಂಕಸಾಲೆಯಲ್ಲೂ ಸರ್ಕಾರಿ ಹಡಗುಕಟ್ಟೆಯಲ್ಲೂ ದುಡಿಯುತ್ತಿದ್ದ ಯುವಕರು 1847ರಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ಗ್ಯಾಲರಿ ಬಂದದ್ದು 1952ರಲ್ಲಿ. ಸರ್ ಕಾವಸ್‌ಜಿ ಜಹಾಂಗೀರ್ ತೀರಿಹೋದ ಮಗನ ನೆನಪಿಗೆ ಕಟ್ಟಿಸಿದರು. ಇಂಥದ್ದೊಂದು ಬೇಕೇ ಬೇಕು ಎಂದು ಅವರನ್ನು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರು. ಇನ್ನೊಬ್ಬರು ನಮ್ಮ ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಗೆ ಬಂದು, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಮುಂದೆ ಅಲ್ಲೇ ಪಾಠ ಹೇಳಿದವರು. ಕಲಾವಿದರಿಗೆ ಒಂದು ಗೋಡೆ ಬೇಕು ಎಂದು ಈ ಊರಿನಲ್ಲಿ ಗಟ್ಟಿಯಾಗಿ ಕೇಳಿದವರಲ್ಲಿ ಒಬ್ಬ ಕನ್ನಡಿಗ ಇದ್ದರು ಎಂಬುದು ನನಗೆ ಯಾವತ್ತೂ ಹೆಮ್ಮೆಯ ಮಾತು.

ಆ ಗ್ಯಾಲರಿಯಲ್ಲಿ ಒಂದು ವಾರದ ಜಾಗಕ್ಕೆ ಈಗ ವರ್ಷಗಟ್ಟಲೆ ಕಾಯಬೇಕು. ಖಾಸಗಿ ಗ್ಯಾಲರಿಗಳು ಹೆಸರಾದವರನ್ನು ಕರೆಯುತ್ತವೆ, ಮಾರಾಟವಾದರೆ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಟ್ಟುಕೊಳ್ಳುತ್ತವೆ. ಹಗಲು ಕಚೇರಿ, ರಾತ್ರಿ ಚಿತ್ರ ಎಂದು ಬದುಕುವ ಡೊಂಬಿವಲಿಯ, ಮೀರಾ ರೋಡಿನ, ನವಿ ಮುಂಬೈಯ ಕಲಾವಿದರು ಎಲ್ಲಿಗೆ ಹೋಗಬೇಕು? ನಾನು ಉಪನಗರದ ಒಂದು ಸಣ್ಣ ವಾಚನಾಲಯದ ಸಮಿತಿಯಲ್ಲಿದ್ದೇನೆ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಹತ್ತಿರ ಪುಸ್ತಕ ಕೊಡುತ್ತೇವೆ ಎಂದು ಬಂದವರಿಗಿಂತ ಗೋಡೆ ಕೊಡುತ್ತೀರಾ ಎಂದು ಕೇಳಿಕೊಂಡು ಬಂದವರೇ ಜಾಸ್ತಿ.

ಕೊಡಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಹೇಗೆ ಕೊಡಬೇಕು ಅನ್ನೋದರಲ್ಲಿ ನಾವು ಎಡವುತ್ತಿದ್ದೇವೆ. ವಾಚನಾಲಯವನ್ನು ಬಾಡಿಗೆ ಇಲ್ಲದ ಗ್ಯಾಲರಿ ಎಂದುಕೊಳ್ಳುವುದೇ ಮೊದಲ ತಪ್ಪು.

ಗ್ಯಾಲರಿಗೆ ಬರುವವರು ಚಿತ್ರ ನೋಡಲೆಂದೇ ಬರುತ್ತಾರೆ. ಹತ್ತು ನಿಮಿಷ ಸುತ್ತಿ ಹೋಗುತ್ತಾರೆ, ಹೆಚ್ಚಿನವರು ಮತ್ತೆ ಬರುವುದಿಲ್ಲ. ಜಹಾಂಗೀರಿಗೆ ಟಿಕೆಟ್ ಇಲ್ಲ. ಆದರೂ ಆ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವವರು ಎಷ್ಟೋ ಮಂದಿ. ವಾಚನಾಲಯದ ಲೆಕ್ಕವೇ ಬೇರೆ. ಅಲ್ಲಿಗೆ ಬರುವವರು ಪೇಪರ್ ಓದಲು ಬರುತ್ತಾರೆ, ಪರೀಕ್ಷೆಗೆ ಓದಲು ಬರುತ್ತಾರೆ, ಫ್ಯಾನಿನ ಕೆಳಗೆ ಒಂದು ಗಂಟೆ ಕೂರಲು ಬರುತ್ತಾರೆ. ಅದೇ ಜನ ನಾಳೆಯೂ ಬರುತ್ತಾರೆ, ಅದೇ ಕುರ್ಚಿಯಲ್ಲಿ ಕೂರುತ್ತಾರೆ. ತಿಂಗಳಲ್ಲಿ ಇಪ್ಪತ್ತೈದು ದಿನ ಒಂದೇ ಚಿತ್ರದ ಎದುರು ಕೂತವರು ಅದನ್ನು ನೋಡುವ ಬಗೆ ಬೇರೆಯೇ ಅಲ್ವಾ? ಮೊದಲ ವಾರ ಕಣ್ಣಿಗೇ ಬೀಳುವುದಿಲ್ಲ. ಎರಡನೇ ವಾರ ಏನೋ ಇದೆ ಅನ್ನಿಸುತ್ತದೆ. ಮೂರನೇ ವಾರ ಪ್ರಶ್ನೆ ಹುಟ್ಟುತ್ತದೆ.

ನಮ್ಮಲ್ಲಿ ದಿನಾ ಬೆಳಿಗ್ಗೆ 'ಕರ್ನಾಟಕ ಮಲ್ಲ' ಪತ್ರಿಕೆ ಓದಲು ಬರುವ ಒಬ್ಬ ಹಿರಿಯರಿದ್ದಾರೆ. ಫೋರ್ಟಿನ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದವರು. ಅವರ ಕುರ್ಚಿಯ ಎದುರಿಗೆ ಸಸೂನ್ ಡಾಕಿನ ಒಂದು ಚಿತ್ರ ತೂಗುಹಾಕಿದ್ದೆವು. ಬೆಳಗಿನ ಮೀನಿನ ಹರಾಜು, ಒದ್ದೆ ನೆಲ, ಬುಟ್ಟಿ ಹೊತ್ತ ಕೋಲಿ ಸಮುದಾಯದ ಮೀನುಗಾರ ಹೆಂಗಸರು. ಹದಿನೆಂಟನೇ ದಿನವೋ ಏನೋ, ಅವರು ಎದ್ದು ನನ್ನ ಹತ್ತಿರ ಬಂದರು. "ಆ ಎಡಗಡೆಯವಳ ಬುಟ್ಟಿ ಖಾಲಿ. ಆದರೂ ಕುತ್ತಿಗೆ ಭಾರ ಹೊತ್ತವರ ಹಾಗೆ ಬಾಗಿದೆ. ಬರೆದವರು ಬೇಕು ಅಂತಲೇ ಹಾಗೆ ಮಾಡಿದ್ದಾರಾ?" ಎಂದು ಕೇಳಿದರು. ಕಲಾವಿದೆಗೆ ಫೋನ್ ಮಾಡಿ ಹೇಳಿದೆ. ಆಕೆ ಒಂದು ಕ್ಷಣ ಸುಮ್ಮನಾದಳು. ಆಮೇಲೆ, "ಎರಡು ವರ್ಷದಲ್ಲಿ ಇದನ್ನು ಕಂಡುಹಿಡಿದವರು ಅವರೊಬ್ಬರೇ" ಎಂದಳು.

ಕಾನೂನಿನ ವಿಷಯ ಇಲ್ಲೇ ಹೇಳಬೇಕು, ಯಾಕೆಂದರೆ ಗೋಡೆ ಯಾರ ಕೈಯಲ್ಲಿದೆ ಎಂಬುದು ಅದರಿಂದಲೇ ಗೊತ್ತಾಗುವುದು. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿ ಬರುತ್ತದೆ, ಗ್ರಂಥಾಲಯಗಳನ್ನು ಸರ್ಕಾರದ ಇಲಾಖೆಯೇ ನಡೆಸುತ್ತದೆ. ಮಹಾರಾಷ್ಟ್ರದ ಕಾಯ್ದೆ 1967ರದ್ದು. ಇಲ್ಲಿ ಆ ಕರ ಇಲ್ಲ. ಇಲ್ಲಿನ ಸಾರ್ವಜನಿಕ ವಾಚನಾಲಯಗಳಲ್ಲಿ ಹೆಚ್ಚಿನವು ಊರಿನವರು, ಸಂಘದವರು, ಟ್ರಸ್ಟಿನವರು ಕಟ್ಟಿ ನಡೆಸುವಂಥವು. ರಾಜ್ಯ ಅವುಗಳನ್ನು ಅ, ಬ, ಕ, ಡ ಎಂದು ದರ್ಜೆ ಮಾಡಿ ಅನುದಾನ ಕೊಡುತ್ತದೆ. ಹನ್ನೊಂದು ಸಾವಿರಕ್ಕೂ ಹೆಚ್ಚು ವಾಚನಾಲಯಗಳು ಹೀಗೆ ನಡೆಯುತ್ತಿವೆ. ಹಾಗಾಗಿ ಚಿತ್ರ ತೂಗುಹಾಕಲು ಯಾವ ಇಲಾಖೆಯ ಆದೇಶವೂ ಬೇಕಿಲ್ಲ. ಒಂದು ಸಂಜೆಯ ಸಮಿತಿ ಸಭೆ ಒಪ್ಪಿದರೆ ಆಯಿತು. ಇದು ದೊಡ್ಡ ಸ್ವಾತಂತ್ರ್ಯ. ಆದರೆ ಅನುದಾನ ಸಂಬಳಕ್ಕೆ, ಪುಸ್ತಕಕ್ಕೆ, ಕರೆಂಟಿಗೆ ಸಾಕಾದರೆ ಪುಣ್ಯ. ಗೋಡೆಗೆ ಅಂತ ದುಡ್ಡು ಎತ್ತಿಡುವವರು ಯಾರೂ ಇಲ್ಲ. ಸಮಿತಿಯ ಪ್ರೀತಿ ಇದ್ದಷ್ಟು ದಿನ ಪ್ರದರ್ಶನ ನಡೆಯುತ್ತದೆ, ಸಮಿತಿ ಬದಲಾದರೆ ನಿಲ್ಲುತ್ತದೆ.

ಗೋವಾದಲ್ಲಿ ಇನ್ನೊಂದು ಬಗೆ ನೋಡಬಹುದು. ಪಣಜಿಯ ಕೇಂದ್ರ ಗ್ರಂಥಾಲಯ 1832ರಲ್ಲಿ ಶುರುವಾದದ್ದು, ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು. ಈಗ ಪಾಟೊದ ಹೊಸ ಕಟ್ಟಡದಲ್ಲಿ ಗೋವಾದ ಹಳೆಯ ಬರಹಗಾರ ಕೃಷ್ಣದಾಸ ಶಾಮ ಅವರ ಹೆಸರಿನಲ್ಲಿದೆ. ಹಿಂದೆ ಅದು ಇದ್ದದ್ದು ಮೆನೆಜಿಸ್ ಬ್ರಗಾಂಝಾ ಸಂಸ್ಥೆಯ ಕಟ್ಟಡದಲ್ಲಿ. ಆ ಕಟ್ಟಡದ ಪ್ರವೇಶದ್ವಾರದ ಗೋಡೆಗಳ ಮೇಲೆ ನೀಲಿ ಬಿಳಿ ಹೆಂಚಿನ ಚಿತ್ರಗಳಿವೆ. ಪೋರ್ಚುಗೀಸ್ ಕಲಾವಿದ ಜೋರ್ಜೆ ಕೊಲಾಸೊ 1935ರಲ್ಲಿ ಮಾಡಿದವು. ಪುಸ್ತಕ ತರಲು ಹೋದ ಎರಡು ಮೂರು ತಲೆಮಾರಿನವರು ಆ ಚಿತ್ರಗಳನ್ನು ದಾಟಿಕೊಂಡೇ ಒಳಗೆ ಹೋದರು. ಯಾರೂ ಅದನ್ನು ಪ್ರದರ್ಶನ ಎಂದು ಕರೆಯಲಿಲ್ಲ.

ಈಗ ಗೋಡೆಯ ಹತ್ತಿರ ಬರೋಣ. ಕಷ್ಟ ಶುರುವಾಗುವುದು ಅಲ್ಲಿಂದ.

ಮೊದಲನೆಯದು ಬೆಳಕು. ಓದುವ ಮೇಜಿನ ಮೇಲೆ ಸುಮಾರು 300 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಬೇಕು, ಇಲ್ಲದಿದ್ದರೆ ಕಣ್ಣು ನೋಯುತ್ತದೆ. ಜಲವರ್ಣಕ್ಕೆ, ಕಾಗದದ ಮೇಲಿನ ಯಾವುದೇ ಚಿತ್ರಕ್ಕೆ ಮ್ಯೂಸಿಯಮ್ಮುಗಳು ಒಪ್ಪುವುದು ಸುಮಾರು 50 ಲಕ್ಸ್ ಮಾತ್ರ. ತೈಲವರ್ಣ 200ರವರೆಗೆ ತಡೆದುಕೊಳ್ಳುತ್ತದೆ. ಓದುಗನಿಗೆ ಬೇಕಾದ ಬೆಳಕೇ ಚಿತ್ರಕ್ಕೆ ವಿಷ. ಇನ್ನೊಂದು ಸಂಗತಿ, ಬೆಳಕಿನ ಪೆಟ್ಟು ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಚಿತ್ರವನ್ನು ಆಮೇಲೆ ಕತ್ತಲಲ್ಲಿ ಇಟ್ಟರೂ ಹೋದ ಬಣ್ಣ ವಾಪಸ್ ಬರುವುದಿಲ್ಲ. ಆದ್ದರಿಂದ ಓದುವ ಕೋಣೆಯಲ್ಲಿ ಅಕ್ರಿಲಿಕ್ ಇರಲಿ, ತೈಲವರ್ಣ ಇರಲಿ, ಒಳ್ಳೆಯ ಪ್ರಿಂಟ್ ಇರಲಿ. ಜಲವರ್ಣದ ಮೂಲಚಿತ್ರ ಬೇಕೇ ಬೇಕೆಂದರೆ ಕಿಟಕಿ ಇಲ್ಲದ ಕಡೆ ಹಾಕಿ, ತಿಂಗಳೊಳಗೆ ಇಳಿಸಿಬಿಡಿ.

ಎರಡನೆಯದು ನಮ್ಮ ಮಳೆಗಾಲ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ನಮ್ಮ ಮೊದಲ ಪ್ರದರ್ಶನ ಇಟ್ಟದ್ದು ಜುಲೈನಲ್ಲಿ. ಶಾಲೆ ಶುರುವಾಗಿರುತ್ತದೆ, ಮಕ್ಕಳು ಬರುತ್ತಾರೆ ಎಂಬ ಲೆಕ್ಕ. ಜುಲೈಯ ಮುಂಬೈಯಲ್ಲಿ ಗಾಳಿಯ ತೇವಾಂಶ ಶೇ 80 ದಾಟುತ್ತದೆ. ಶೇ 65–70 ದಾಟಿದರೆ ಬೂಷ್ಟು ಹಿಡಿಯಲು ಶುರು. ಹನ್ನೆರಡು ಚಿತ್ರಗಳಲ್ಲಿ ನಾಲ್ಕನ್ನು ಪಶ್ಚಿಮದ ಗೋಡೆಗೆ ಹಾಕಿದ್ದೆವು, ಮಳೆ ಹೊಡೆಯುವ ಗೋಡೆ. ಇಪ್ಪತ್ತು ದಿನ ಕಳೆದು ಇಳಿಸಿದಾಗ ಎರಡು ಚಿತ್ರಗಳ ಆಕಾಶದಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ಬರೆದ ಹುಡುಗ ಏನೂ ಅನ್ನಲಿಲ್ಲ. ಚಿತ್ರಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಲೋಕಲ್ ಟ್ರೇನಿನ ಲಗೇಜ್ ಡಬ್ಬದಲ್ಲಿ ನಿಂತುಕೊಂಡು ತಂದಿದ್ದ. ಹಾಗೇ ವಾಪಸ್ ತೆಗೆದುಕೊಂಡು ಹೋದ. ಆ ತಪ್ಪು ನಮ್ಮದು, ಅವನದ್ದಲ್ಲ. ಕಾಗದದ ಚಿತ್ರಗಳ ಪ್ರದರ್ಶನ ಈ ಊರಿನಲ್ಲಿ ಅಕ್ಟೋಬರ್ ದಾಟಿದ ಮೇಲೆ ಇಡಬೇಕು, ಮೇ ಒಳಗೆ ಮುಗಿಸಬೇಕು. ಚೌಕಟ್ಟಿನ ಹಿಂದೆ, ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಟೆಯ ಒಂದೊಂದು ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಹತ್ತು ರೂಪಾಯಿಯ ಕೆಲಸ. ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಮೂರನೆಯದು ಎತ್ತರ. ಇದನ್ನು ಮಾತ್ರ ನಾವೇ ನೋಡಿ ಕಲಿತೆವು. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಹಾಕುತ್ತಾರೆ. ನಿಂತು ನೋಡುವವರ ಕಣ್ಣಿನ ಲೆಕ್ಕ ಅದು. ವಾಚನಾಲಯದಲ್ಲಿ ಜನ ಕೂತಿರುತ್ತಾರೆ. ಕೂತವರ ಕಣ್ಣು 120ರ ಸುತ್ತಮುತ್ತ ಇರುತ್ತದೆ. ನಮ್ಮಲ್ಲಿ ಎಲ್ಲವನ್ನೂ ಪುಸ್ತಕದ ಕಪಾಟಿನ ಮೇಲೆ, ಗಾಂಧೀಜಿಯ ಫೋಟೋ ಪಕ್ಕ, ಮೊದಲೇ ಇದ್ದ ಮೊಳೆಗೆ ತೂಗುಹಾಕಿಬಿಡುತ್ತೇವೆ. ಕುತ್ತಿಗೆ ಎತ್ತಿ ಯಾರು ನೋಡುತ್ತಾರೆ? ಸಸೂನ್ ಡಾಕಿನ ಚಿತ್ರ ಕೆಳಗೆ ಬಂದದ್ದು ಅಕಸ್ಮಾತ್ತಾಗಿ, ಮೇಲೆ ಜಾಗ ಇರಲಿಲ್ಲ ಎಂದು. ಅದು ಕೆಳಗಿತ್ತು, ಅದಕ್ಕೇ ಆ ಹಿರಿಯರ ಕಣ್ಣಿಗೆ ಖಾಲಿ ಬುಟ್ಟಿ ಬಿತ್ತು.

ಮುಂಬೈಯ ವಾಚನಾಲಯಗಳ ಇನ್ನೊಂದು ನಿಜವನ್ನೂ ಮರೆಯುವ ಹಾಗಿಲ್ಲ. ಇವತ್ತು ಹೆಚ್ಚಿನ ಓದುವ ಕೋಣೆಗಳನ್ನು ತುಂಬಿರುವವರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು. ಒಂದೇ ಕೋಣೆಯ ಮನೆಯಿಂದ ಬಂದವರಿಗೆ ಆ ಮೇಜೇ ಭವಿಷ್ಯ. ದೀಪ, ಹಾರ, ಶಾಲು, ಮೈಕು, ನಾಲ್ಕು ಭಾಷಣ ಎಂದು ಉದ್ಘಾಟನೆ ಇಟ್ಟರೆ ಅವರ ಅರ್ಧ ದಿನ ಹಾಳು. ಪ್ರದರ್ಶನವನ್ನು ಸದ್ದಿಲ್ಲದೆ ಶುರು ಮಾಡಬಹುದು. ಕಲಾವಿದರ ಜೊತೆ ಮಾತುಕತೆಯನ್ನು ರಜಾದಿನ ಇಟ್ಟುಕೊಂಡರಾಯಿತು. ಚಿತ್ರಕ್ಕೂ ಓದಿಗೂ ಜಗಳ ಹುಟ್ಟಿದರೆ ಓದೇ ಗೆಲ್ಲಬೇಕು, ಆ ಕೋಣೆ ಇರುವುದೇ ಅದಕ್ಕೆ.

ಕನ್ನಡದ ವಾಚನಾಲಯಗಳ ಮಾತು ಬೇರೆ. ಈ ಊರಿನಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಅದೇ ಮಾಟುಂಗಾದಲ್ಲಿ ಕರ್ನಾಟಕ ಸಂಘ ಇದೆ. ಉಪನಗರಗಳಲ್ಲಿ ಸಂಘಗಳು, ಜಾತಿ ಸಮಾಜಗಳು ಎಷ್ಟೋ ಇವೆ. ಕಪಾಟಿನ ತುಂಬ ಕನ್ನಡ ಪುಸ್ತಕ ಇಟ್ಟುಕೊಂಡವೂ ಅವುಗಳಲ್ಲಿವೆ. ಓದುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚಿವೆ. ಈಗಿನ ಮಕ್ಕಳು ಮನೆಯಲ್ಲಿ ತುಳುವೋ ಕನ್ನಡವೋ ಆಡುತ್ತಾರೆ, ಅಕ್ಷರ ಬರುವುದಿಲ್ಲ. ಅವರಿಗೆ ನಮ್ಮ ಕಪಾಟು ಬೀಗ ಹಾಕಿದ ಬಾಗಿಲು ಇದ್ದ ಹಾಗೆ. ಚಿತ್ರಕ್ಕೆ ಅಂಥ ಬೀಗ ಇಲ್ಲ.

ಎರಡನೇ ಪ್ರದರ್ಶನದಲ್ಲಿ ಒಂದು ಕಾವಿ ಚಿತ್ರ ಇತ್ತು. ಕೆಮ್ಮಣ್ಣಿನ ಬಣ್ಣವನ್ನು ಸುಣ್ಣದ ಬಿಳಿಯ ಮೇಲೆ ಬಳಿದು, ಬೇಡದ ಕಡೆ ಕೆರೆದು ತೆಗೆದು ಮಾಡುವ ಕೆಲಸ. ಗೋವಾದಿಂದ ನಮ್ಮ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾಣುವಂಥದ್ದು. ಇದನ್ನು ಹಲಗೆಯ ಮೇಲೆ ಮಾಡಿದ್ದರು. ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದರು. ಹುಡುಗಿಗೆ ಹತ್ತು ವರ್ಷ ಇರಬಹುದು. ಚಿತ್ರದ ಪಕ್ಕದ ಚೀಟಿಯನ್ನು ಕನ್ನಡದಲ್ಲಿ ಮೇಲೆ, ಮರಾಠಿಯಲ್ಲಿ ಕೆಳಗೆ ಬರೆದಿದ್ದೆವು. ಹುಡುಗಿ ಮರಾಠಿ ಓದಿಕೊಂಡಳು. ಆಮೇಲೆ ಮೇಲಿನದನ್ನು ತೋರಿಸಿ, "ಇಲ್ಲೂ ಅದೇ ಬರೆದಿದೆಯಾ ಅಜ್ಜಿ?" ಎಂದಳು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಜೋರಾಗಿ ಓದಿದರು. ಹುಡುಗಿ 'ಕಾವಿ' ಎಂಬ ಎರಡು ಅಕ್ಷರದ ಮೇಲೆ ಬೆರಳಿಟ್ಟು, ಮರಾಠಿ ಚೀಟಿಯಲ್ಲಿ ಅದೇ ಮಾತು ಎಲ್ಲಿದೆ ಎಂದು ಹುಡುಕಿದಳು. ಒಂದಕ್ಕೊಂದು ಹೊಂದಿಸಿ ನೋಡಿದಳು. ಆ ಐದು ನಿಮಿಷಕ್ಕಾಗಿ ನಾನು ಇನ್ನೂ ಹತ್ತು ಪ್ರದರ್ಶನ ಮಾಡಲು ತಯಾರಿದ್ದೇನೆ. ಚೀಟಿ ಯಾವ ಭಾಷೆಯಲ್ಲಿ ಇರಬೇಕು ಎಂಬುದು ಸಣ್ಣ ವಿಷಯ ಅಂತ ಸಮಿತಿಗಳು ಅಂದುಕೊಳ್ಳುತ್ತವೆ. ನನ್ನ ಮಟ್ಟಿಗೆ ಅದು ಅರ್ಧ ಪ್ರದರ್ಶನ.

ಇನ್ನು ದುಡ್ಡು. ಇದರ ಬಗ್ಗೆ ಮಾತಾಡಲು ಎಲ್ಲರಿಗೂ ಸಂಕೋಚ. "ಜಾಗ ಪುಕ್ಕಟೆ ಕೊಟ್ಟಿದ್ದೇವಲ್ಲ" ಎಂದು ಸಮಿತಿ ಅಂದುಕೊಳ್ಳುತ್ತದೆ. ಚೌಕಟ್ಟಿನ ಖರ್ಚು, ಸಾಗಾಟದ ಖರ್ಚು, ಚಿತ್ರ ಕೆಟ್ಟರೆ ಆಗುವ ನಷ್ಟ, ಎಲ್ಲ ಕಲಾವಿದರ ತಲೆ ಮೇಲೆ. ಆಗ ಪುಕ್ಕಟೆ ಕೊಟ್ಟವರು ಯಾರು? ತಿಂಗಳುಗಟ್ಟಲೆ ನಮ್ಮ ಗೋಡೆಯನ್ನು ಚೆಂದ ಮಾಡಿದವರು ಅವರು ತಾನೇ. ಹೆಸರು ಬರುತ್ತದೆ ಎಂಬ ಮಾತಿನಿಂದ ಬಣ್ಣದ ಟ್ಯೂಬ್ ಕೊಳ್ಳಲು ಆಗುವುದಿಲ್ಲ. ಸಣ್ಣ ವಾಚನಾಲಯ ದೊಡ್ಡ ಮೊತ್ತ ಕೊಡಲಾರದು, ಒಪ್ಪುತ್ತೇನೆ. ಆದರೆ ಚೌಕಟ್ಟಿನ ಒಂದು ಪಾಲು ಕೊಡಬಹುದು. ಮಾರಾಟದ ಮೇಲೆ ಕಮಿಷನ್ ಮುಟ್ಟದೆ ಇರಬಹುದು. ಬೆಲೆಪಟ್ಟಿಯನ್ನು ಗೋಡೆಗೆ ಅಂಟಿಸದೆ ಕೌಂಟರಿನಲ್ಲಿ ಇಡಬಹುದು. ಕೇಳಿದವರಿಗೆ ಕಲಾವಿದರ ನಂಬರ್ ಕೊಟ್ಟರೆ ಆಯಿತು. ವಿಮೆಯಲ್ಲಿ 'ಮೊಳೆಯಿಂದ ಮೊಳೆಗೆ' ಎಂಬ ಬಗೆಯೇ ಇದೆ, ಚಿತ್ರ ಕಲಾವಿದರ ಗೋಡೆಯಿಂದ ಇಳಿದಲ್ಲಿಂದ ಮತ್ತೆ ಅಲ್ಲಿಗೆ ಹೋಗುವವರೆಗೂ ರಕ್ಷಣೆ. ಕೇಳಿ ನೋಡುವ ಸಮಿತಿಗಳು ಕಡಿಮೆ.

ಬರಹದಲ್ಲಿ ಒಪ್ಪಂದ ಇರಲೇಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಕಲಾವಿದರಿಗೆ ಒಳ್ಳೆಯ ಹಕ್ಕು ಕೊಟ್ಟಿದೆ. ಅವರ ಹೆಸರು ಅಳಿಸುವಂತಿಲ್ಲ, ಅವರ ಮಾನಕ್ಕೆ ಕುಂದು ಬರುವಂತೆ ಚಿತ್ರವನ್ನು ವಿರೂಪ ಮಾಡುವಂತಿಲ್ಲ. ಆದರೆ ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ. ಚಿತ್ರವನ್ನು ತೋರಿಸಲಿಲ್ಲ, ಅಥವಾ ಕಲಾವಿದರ ಮನಸ್ಸಿಗೆ ಒಪ್ಪುವಂತೆ ತೋರಿಸಲಿಲ್ಲ ಎಂಬುದಷ್ಟೇ ಈ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಅಂದರೆ ಮೂಲೆಯಲ್ಲಿ, ನೀರಿನ ಫಿಲ್ಟರಿನ ಹಿಂದೆ ಹಾಕಿದರೂ ಈ ಕಲಂ ಹಿಡಿದು ಕೇಳಲಾಗದು. ಎಲ್ಲಿ, ಎಷ್ಟು ದಿನ, ಯಾವ ಬೆಳಕಿನಲ್ಲಿ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ಇನ್ನೊಂದು ಅಭ್ಯಾಸ ನಮ್ಮ ಸಂಘಗಳಲ್ಲಿ ಬೇರೂರಿದೆ. ಪ್ರದರ್ಶನಕ್ಕೆ ಬಂದ ಚಿತ್ರದ ಫೋಟೋ ತೆಗೆದು ಸ್ಮರಣ ಸಂಚಿಕೆಯ ಮುಖಪುಟಕ್ಕೆ ಹಾಕುವುದು, ಕೇಳದೆ. ಚಿತ್ರವನ್ನು ದುಡ್ಡು ಕೊಟ್ಟು ಕೊಂಡಿದ್ದರೂ ಅಚ್ಚು ಮಾಡುವ ಹಕ್ಕು ತಾನಾಗಿ ಬರುವುದಿಲ್ಲ, ಅದನ್ನು ಬರಹದಲ್ಲಿ ಪಡೆಯಬೇಕು. ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಲೆಕ್ಕ ಬೇರೆ. ಕಲಾವಿದರಿಗಿರುವ ಅಚ್ಚಿನ ಹಕ್ಕು ಅವರ ಜೀವಮಾನ ಮತ್ತು ಅದರಾಚೆ 60 ವರ್ಷ ಇರುತ್ತದೆ.

ಯಾರ ಚಿತ್ರ ಹಾಕಬೇಕು, ಯಾರದ್ದು ಬೇಡ ಎಂಬುದು ಎಲ್ಲಕ್ಕಿಂತ ಸೂಕ್ಷ್ಮ. ಸಂಘದಲ್ಲಿ ಪರಿಚಯ ಇದ್ದವರ ಮಗಳ ಚಿತ್ರ ಮೊದಲು ಗೋಡೆಗೆ ಏರುತ್ತದೆ. ಯಾರೋ ಒಬ್ಬರು ಮುಖ ಗಂಟು ಹಾಕಿದರೆ ಇನ್ನೊಬ್ಬರ ಚಿತ್ರ ಇಳಿಯುತ್ತದೆ. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲೇ ಒಪ್ಪಿಕೊಂಡ ಹಕ್ಕುಪತ್ರದ ಈಗಿನ ರೂಪದಲ್ಲಿ ಇದಕ್ಕೊಂದು ಸರಳ ನಿಯಮ ಇದೆ. ಪ್ರದರ್ಶನದ ಜಾಗ ಕೊಡುವುದಾದರೆ ಎಲ್ಲರಿಗೂ ಸಮಾನವಾಗಿ ಕೊಡಿ, ಕೇಳುವವರ ನಂಬಿಕೆ ಏನು, ಯಾವ ಗುಂಪಿನವರು ಎಂದು ನೋಡಬೇಡಿ. ನಮಗೆ ಅದು ಪೂರ್ತಿ ಹೊಂದುತ್ತದೋ ಇಲ್ಲವೋ, ನಿಯಮವನ್ನು ಅರ್ಜಿ ಬರುವ ಮೊದಲೇ ಬರೆದು ಬೋರ್ಡಿಗೆ ಹಾಕುವ ಬುದ್ಧಿಯನ್ನಾದರೂ ಕಲಿಯಬಹುದು. ಆಯ್ಕೆಗೆ ಸಮಿತಿಯವರ ಜೊತೆ ಒಬ್ಬ ಹೊರಗಿನ ಕಲಾ ಶಿಕ್ಷಕರು, ಒಬ್ಬ ಸಾಮಾನ್ಯ ಓದುಗರು ಇರಲಿ. ಇಳಿಸಬೇಕು ಎಂದು ದೂರು ಬಂದರೆ ಬರಹದಲ್ಲಿ ಕೊಡಲಿ, ಅವಧಿ ಮುಗಿಯುವವರೆಗೆ ಚಿತ್ರ ಗೋಡೆಯ ಮೇಲೇ ಇರಲಿ. ಇದನ್ನು ನಮ್ಮಲ್ಲಿ ಒಪ್ಪಿಸಲು ಮೂರು ಸಭೆ ಬೇಕಾಯಿತು.

ನನಗೆ ತುಂಬ ಇಷ್ಟವಾದ ಇನ್ನೊಂದು ದಾರಿ ಇದೆ. ಜರ್ಮನಿಯ ಹಲವು ಊರುಗಳಲ್ಲಿ 'ಆರ್ಟೊಥೆಕ್' ಇವೆ, ಬರ್ಲಿನ್ನಿನ ದೊಡ್ಡ ಸಾರ್ವಜನಿಕ ಗ್ರಂಥಾಲಯದಲ್ಲೂ ಇದೆ. ಪುಸ್ತಕದ ಹಾಗೆ ಚಿತ್ರವನ್ನೂ ಎರವಲು ತಂದು ಮನೆಯ ಗೋಡೆಗೆ ಹಾಕಿ, ಅವಧಿ ಮುಗಿದ ಮೇಲೆ ವಾಪಸ್ ಕೊಡುವ ವ್ಯವಸ್ಥೆ. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಮೂಲಚಿತ್ರ ಕೊಳ್ಳುವವರು ಯಾರು? ಎರವಲು ತರುವವರು ಸಿಗಬಹುದು. ವರ್ಷಕ್ಕೆ ಎರಡು ಪ್ರಿಂಟ್ ಕೊಂಡರೂ ಐದು ವರ್ಷದಲ್ಲಿ ಹತ್ತು ಆಗುತ್ತವೆ. ಕಲಾವಿದರಿಗೆ ಕೈಗೆ ದುಡ್ಡು, ವಾಚನಾಲಯಕ್ಕೆ ಸಂಗ್ರಹ.

ಸಮಿತಿ ಎರಡು ಪ್ರಿಂಟಿಗೆ ಈಗ ಒಪ್ಪಿದೆ. ಒಂದು ಸಸೂನ್ ಡಾಕಿನದ್ದು. ನೋಂದಣಿ ಪುಸ್ತಕದಲ್ಲಿ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ಗ್ರಂಥಪಾಲಕಿ ಎರಡು ದಿನ ಯೋಚಿಸಿದರು. ಪುಟಗಳ ಸಂಖ್ಯೆ ಇರುವಲ್ಲಿ ಉದ್ದ ಅಗಲ ಬರೆದರು, ಲೇಖಕರು ಇರುವಲ್ಲಿ ಕಲಾವಿದೆಯ ಹೆಸರು. ಬರುವ ನವೆಂಬರಿಗೆ ಮೂರನೇ ಪ್ರದರ್ಶನ. ಬೇಸಿಗೆಯಲ್ಲೇ ಬಡಗಿ ಬಂದು ಮೂರು ಗೋಡೆಗೂ ಮರದ ಪಟ್ಟಿ ಹೊಡೆದು ಹೋಗಿದ್ದಾನೆ, ಇನ್ನು ಮೊಳೆ ಹೊಡೆಯಬೇಕಾಗಿಲ್ಲ, ಸರಪಳಿಯಲ್ಲಿ ತೂಗುಹಾಕಬಹುದು. ಸರಪಳಿಯನ್ನು ಎಷ್ಟು ಉದ್ದ ಬಿಡಬೇಕು ಎಂದು ಅವನು ಕೇಳಿದ. ಆ ಹಿರಿಯರನ್ನು ಅವರ ಕುರ್ಚಿಯಲ್ಲಿ ಕೂರಿಸಿ, ಟೇಪ್ ಹಿಡಿದು ಅಳೆದು ಕೊಟ್ಟೆವು.